ಸುಂದರಬಾಯಿ ಹೊಳೆ ದಾಟಿದ್ದು

೧೯೮೬ರ ಫೆಬ್ರುವರಿಯ ಒಂದು ಸೋಮವಾರ ಬೆಳಿಗ್ಗೆ, ಸುಂದರಬಾಯಿಯ ಕೈಯಿಂದ ಗಂಡನ ಧೋತರ ಜಾರಿ ಭೀಮಾ ಹೊಳೆಗೆ ಬಿತ್ತು. ಆಕೆ ಮೊಣಕಾಲಮಟ ನೀರಿನಲ್ಲಿ ನಿಂತು ಅದನ್ನು ಜಾಲಿಸುತ್ತಿದ್ದಳು. ಜಾರಿದ ಧೋತರ ಮೊದಲು ಒಂದು ಮಾರು ದೂರದಲ್ಲಿ ಹರಡಿಕೊಂಡು ನಿಂತಿತು. ಆಮೇಲೆ ನಿಧಾನಕ್ಕೆ ಸರಿಯತೊಡಗಿತು.

“ಹಿಡೀಬೇ, ಹಿಡಿ!” ಎಂದು ಪಕ್ಕದ ಕಲ್ಲುಗಳ ಮೇಲಿದ್ದ ಹೆಂಗಸರು ಕೂಗಿದರು.

ಇನ್ನೆರಡು ಹೆಜ್ಜೆ ಮುಂದಿಟ್ಟಿದ್ದರೆ ಸಿಗುತ್ತಿತ್ತು. ಆ ಎರಡು ಹೆಜ್ಜೆ ಇಡಲು ಆಕೆಯಿಂದಾಗಲಿಲ್ಲ. ಧೋತರ ನಡುಹೊಳೆ ಸೇರಿ, ಸೆಳವಿಗೆ ಸಿಕ್ಕು, ಓರೆಯಾಗಿ ತೇಲುತ್ತ ಆಚೆ ದಂಡೆಯ ಜಾಲಿಕಂಟಿಗೆ ಹೋಗಿ ಸಿಕ್ಕಿಕೊಂಡಿತು. ಅಷ್ಟು ದೂರದಿಂದಲೂ ಬಿಳಿ ಬಟ್ಟೆ ನಿಚ್ಚಳವಾಗಿ ಕಾಣುತ್ತಿತ್ತು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಸುಂದರಬಾಯಿಯೂ ನಕ್ಕಳು. ಆದರೆ ಉಳಿದವರು ಬಟ್ಟೆ ಹೊತ್ತು ಮನೆಗೆ ಹೋದ ಮೇಲೂ ಆಕೆ ಅಲ್ಲೇ ನಿಂತಿದ್ದಳು.

“ಇಪ್ಪತ್ತಮೂರು ವರ್ಷಾತು ಅಕ್ಕೋರ, ಅದೇ ಕಲ್ಲಿನ ಮ್ಯಾಲ ಅರಿವಿ ಒಗ್ಯಾಕತ್ತೇನಿ. ಒಂದು ಧೋತರ ಹೋದಷ್ಟು ದೂರ ನಾ ಹೋಗಿಲ್ಲ ನೋಡ್ರಿ” ಎಂದು ಆ ಸಂಜೆ ನನಗೆ ಹೇಳಿದಳು.

ನಾನಾಗ ಬಾರಿಹಾಳದ ಪ್ರಾಥಮಿಕ ಶಾಲೆಗೆ ಶಿಕ್ಷಕಿಯಾಗಿ ಬಂದು ಎಂಟು ತಿಂಗಳಾಗಿತ್ತು. ಬಾರಿಹಾಳ ಅಫಜಲಪುರ ತಾಲೂಕಿನ ಹೊಳೆದಂಡೆಯ ಸಣ್ಣ ಊರು. ಕರಜಗಿಯಲ್ಲಿ ಬಸ್ಸಿಳಿದು ಒಂದು ತಾಸು ನಡೆಯಬೇಕು. ಸುಂದರಬಾಯಿಯ ಮನೆಯ ಮುಂಗೋಣೆಯಲ್ಲಿ ನನ್ನ ವಾಸ. ಹೀಗಾಗಿ ಮುಂದೆ ನಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಇಲ್ಲವೆ ಆಕೆಯ ಬಾಯಿಂದಲೇ ಕೇಳಿದ್ದೇನೆ.

ಆಕೆಯ ತವರು ಆಳಂದ ತಾಲೂಕಿನ ಖಜೂರಿ. ಮಹಾರಾಷ್ಟ್ರದ ಗಡಿಗೆ ಹತ್ತಿದ ಊರು. ಹಗಲಿಡೀ ಲಾರಿಗಳ ಓಡಾಟ. ಹೊಳೆಯ ಸುಳಿವೇ ಇಲ್ಲ. ಕೊಡದ ಮೇಲೆ ಕೊಡ ಇಟ್ಟು ನೀರು ಹೊತ್ತೇ ಬೆಳೆದವಳು. ಹದಿನೇಳಕ್ಕೆ ಮದುವೆಯಾಗಿ ಮಲ್ಕಪ್ಪನ ಮನೆಗೆ ಬಂದ ಮೊದಲ ಮಳೆಗಾಲದಲ್ಲಿ ಹೊಳೆ ಕೆಂಪಗೆ ದಂಡೆ ತುಂಬಿ ಹರಿಯುತ್ತಿತ್ತು. ಅದನ್ನು ನೋಡಿ ಆಕೆಗೆ ತಲೆ ಸುತ್ತಿ ಬಂದು ಅಲ್ಲೇ ಕುಸಿದು ಕೂತಳಂತೆ. ಅತ್ತೆ ಗುರಮ್ಮ ರಟ್ಟೆ ಹಿಡಿದು ಎಬ್ಬಿಸಿ, “ಮೊಣಕಾಲ ತನಕ ನಿನ್ನ ಹೊಳಿ. ಅದರ ಮುಂದಿಂದು ನಿಂದಲ್ಲ. ತಿಳೀತಿಲ್ಲ?” ಎಂದಿದ್ದಳು. ಸೊಸೆ ಆ ಮಾತನ್ನು ಒಂದು ದಿನವೂ ಮೀರಿರಲಿಲ್ಲ.

ಆಕೆಗೆ ಮನೆಯಲ್ಲಿ ದುಃಖವಿರಲಿಲ್ಲ. ಮಲ್ಕಪ್ಪ ಮಾತು ಕಡಿಮೆಯ, ಕೈ ಎತ್ತದ ಮನುಷ್ಯ. ಜೋಳದ ಹೊಲ, ಹೊಳೆಯ ನೀರು ಹತ್ತುವ ಒಂದಿಷ್ಟು ಕಬ್ಬು. ಇಬ್ಬರು ಹೆಣ್ಣುಮಕ್ಕಳ ಮದುವೆಯಾಗಿತ್ತು. ಆ ವರ್ಷ ಸುಂದರಬಾಯಿಗೆ ನಲವತ್ತು. “ಇನ್ನ ಏನೂ ಹೊಸಾದು ಆಗೂದಿಲ್ಲ ಅಂತ ಗೊತ್ತಾಗಿಬಿಟ್ಟಿತ್ತು ಅಕ್ಕೋರ. ಹಂಗ ಗೊತ್ತಾಗೂದು ಭಾಳ ಕೆಟ್ಟದ್ದು” ಎಂದು ಒಮ್ಮೆ ಹೇಳಿದ್ದಳು.

ಧೋತರ ಹೋದ ಮೂರನೆಯ ದಿನ ಆಕೆ ಮೆಹರಾಜಬೇಗಂಳ ಮನೆಗೆ ಹೋದಳು. ಮೆಹರಾಜಬೇಗಂಗೆ ಅರವತ್ತರ ಹತ್ತಿರ. ಊರಲ್ಲಿ ಈಜು ಬಲ್ಲ ಹೆಂಗಸು ಆಕೆಯೊಬ್ಬಳೇ. ಆಕೆಯ ಅಕ್ಕ ಚಿಕ್ಕಂದಿನಲ್ಲಿ ಬಾವಿಗೆ ಬಿದ್ದು ಸತ್ತಿದ್ದಳು. ಆಗ ತಂದೆ ಉಳಿದ ಮೂರು ಹೆಣ್ಣುಮಕ್ಕಳನ್ನೂ ಅದೇ ಬಾವಿಗಿಳಿಸಿ ಈಜು ಕಲಿಸಿದ್ದನು. ಬಾವಿ ಈಗಲೂ ಅವರ ಹೊಲದಲ್ಲಿತ್ತು; ಚೌಕನೆಯ, ಮೆಟ್ಟಿಲಿದ್ದ ದೊಡ್ಡ ಬಾವಿ.

“ಚಾಚಿ, ನಂಗ ಈಸು ಕಲಸ್ರಿ” ಎಂದಳು ಸುಂದರಬಾಯಿ.

ಕೌದಿ ಹೊಲಿಯುತ್ತಿದ್ದ ಮೆಹರಾಜಬೇಗಂ ಸೂಜಿ ನಿಲ್ಲಿಸಿ ನೋಡಿದಳು. “ಮನ್ಯಾಗ ಜಗಳ ಆಗ್ಯಾದೇನ್ ಬೇಟಿ?”

“ಇಲ್ರಿ.”

“ಮತ್ತ್ಯಾಕ ಬಾವಿ ನೆನಪಾಯ್ತು?”

“ಹೊಳಿ ದಾಟಬೇಕಾಗ್ಯಾದ.”

“ಹುಲೆಪ್ಪನ ದೋಣಿ ಅದಲ್ಲ.”

“ದೋಣಿ ಇರ್ಲಿ ಚಾಚಿ. ನಾ ದಾಟಬೇಕು.”

ಮೆಹರಾಜಬೇಗಂ ಅಟ್ಟದ ಮೇಲಿಂದ ಮೂರು ಒಣ ಸೋರೆಬುರುಡೆ ತೆಗೆದು ಧೂಳು ಕೊಡವಿದಳು.

ಮಧ್ಯಾಹ್ನ, ಗಂಡಸರು ಹೊಲಕ್ಕೆ ಹೋದ ಹೊತ್ತಿನಲ್ಲಿ ಪಾಠ. ಮೊದಲ ವಾರ ಕೆಳಗಿನ ಮೆಟ್ಟಿಲ ಮೇಲೆ ಕುತ್ತಿಗೆಮಟ ನೀರಿನಲ್ಲಿ ಕೂತು ಎದ್ದು ಬಂದದ್ದಷ್ಟೇ. ಎರಡನೆಯ ವಾರ ಮುಖ ಮುಳುಗಿಸಿ ನೀರಿನಲ್ಲಿ ಉಸಿರು ಬಿಡುವುದು. ಪ್ರತಿ ಸಲವೂ ಸುಂದರಬಾಯಿ ಕೆಮ್ಮುತ್ತ, ಮೆಟ್ಟಿಲ ಕಲ್ಲನ್ನು ಎರಡೂ ಕೈಯಿಂದ ಅವಚಿಕೊಳ್ಳುತ್ತಿದ್ದಳು. ಆಮೇಲೆ ಕಚ್ಚೆ ಹಾಕಿದ ಸೀರೆಯ ಮೇಲೆ ಬೆನ್ನಿಗೆ ಸೋರೆಬುರುಡೆ ಕಟ್ಟಿ ನಡುನೀರಿಗೆ ತಳ್ಳಿದಳು ಮೆಹರಾಜಬೇಗಂ. ಸುಂದರಬಾಯಿ ಕೂಗಿದ ಕೂಗಿಗೆ ಬಾವಿಯ ಗೋಡೆಯ ಪಾರಿವಾಳಗಳೆಲ್ಲ ಹಾರಿಹೋದವು.

“ನೀರಿನ ಜೋಡಿ ಕುಸ್ತಿ ಬ್ಯಾಡ ಬೇಟಿ! ಆರಾಮ್ ಹೊಡಿ ಕೈ!”

ರಜೆಯ ದಿನ ನಾನೂ ಹೋಗಿ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ನನ್ನನ್ನೂ ಇಳಿಯಲು ಕರೆದರು. ನಾನು ಕಾಲು ಸಹ ತೋಯಿಸಲಿಲ್ಲ.

ಇಂಥದ್ದನ್ನು ಎಷ್ಟು ದಿನ ಮುಚ್ಚಿಡಲಾದೀತು? ತೊಯ್ದ ಸೀರೆ ದಿನಾ ಎರಡು ಸಲ ಒಣಗಲು ಬಿದ್ದರೆ ಯಾರಿಗಾದರೂ ತಿಳಿಯುತ್ತದೆ. ಗುರಮ್ಮ ಸೊಸೆಯನ್ನು ಎದುರು ಕೂರಿಸಿಕೊಂಡು ಕೇಳಿದಳು. ಸೊಸೆ ಇದ್ದದ್ದು ಇದ್ದಂತೆ ಹೇಳಿದಳು.

ಮುದುಕಿ ಮಂದಿಯ ಮಾತು ಎತ್ತಲಿಲ್ಲ, ಜೀವದ ಮಾತೂ ಎತ್ತಲಿಲ್ಲ. “ಕೊರಳಾಗ ಲಿಂಗ ಅದ. ನೀರಾಗ ಕಳಚಿ ಹೋದ್ರ ಏನ್ ಮಾಡ್ತಿ?” ಎಂದಳು.

ಸುಂದರಬಾಯಿ ಅಂದು ಬಾವಿಗೆ ಹೋಗಲಿಲ್ಲ. ಆ ಮಾತಿನ ತೂಕ ಆಕೆಗೆ ಗೊತ್ತಿತ್ತು. ಮರುದಿನ ದಪ್ಪ ಬಟ್ಟೆಯ ಒಂದು ಸಣ್ಣ ಚೀಲ ಹೊಲಿದಳು; ಮೂರು ಸುತ್ತು ಹೊಲಿಗೆ. ಲಿಂಗವನ್ನು ಅದರೊಳಗಿಟ್ಟು, ಬಾಯಿ ಬಿಗಿದು, ಹೆಗಲ ಮೇಲಿಂದ ಕಂಕುಳ ಕೆಳಗೆ ಹಾಯುವ ಪಟ್ಟಿಯಿಂದ ಕುಪ್ಪಸದ ಮೇಲೆಯೇ ಎದೆಗೆ ಕಟ್ಟಿಕೊಂಡು ಅತ್ತೆಯ ಮುಂದೆ ನಿಂತಳು.

“ಎಳೀರಿ ಅತ್ತಿ.”

ಗುರಮ್ಮ ಪಟ್ಟಿಗೆ ಕೈಹಾಕಿ ಎಳೆದಳು. ಎದ್ದು ನಿಂತು, ಎರಡೂ ಕೈಯಿಂದ, ಸೊಸೆ ಮುಂದಕ್ಕೆ ವಾಲುವ ಹಾಗೆ ಎಳೆದಳು. ಪಟ್ಟಿ ಅಲುಗಲಿಲ್ಲ. ಮುದುಕಿ ತಿರುಗಿ ಒಳಗೆ ಹೋದಳು. ಅದು ಒಪ್ಪಿಗೆಯಲ್ಲ, ಬೇಡವೆಂದದ್ದೂ ಅಲ್ಲ.

ಮಲ್ಕಪ್ಪನ ಕಷ್ಟ ಬೇರೆಯಾಗಿತ್ತು. ಕಟ್ಟೆಯ ಮೇಲೆ ಕೂತಲ್ಲೆಲ್ಲ ಜನ ಆತನನ್ನು ಕೇಳುತ್ತಿದ್ದರು. ಒಬ್ಬ, ಹೆಂಡತಿಗೆ ಯಾವುದಾದರೂ ರೋಗವೇ ಎಂದ. ಇನ್ನೊಬ್ಬ, ಗಂಡಸು ಮಗ ಹುಟ್ಟಲಿಲ್ಲವೆಂದು ತಲೆ ಕೆಟ್ಟಿರಬೇಕು ಎಂದ. ಒಂದು ಸಂಜೆ ಊಟದ ಮುಂದೆ ಕೂತು ಆತ ರೊಟ್ಟಿ ಮುರಿಯದೆ ಹೇಳಿದ:

“ಹರಕಿ ಹೊತ್ತೀನಿ ಅಂತ ಹೇಳಿಬಿಡು. ಮಂದಿ ಸುಮ್ನಾಗ್ತಾರ. ನಾನೂ ಸುಮ್ನಿರ್ತೀನಿ.”

“ನಾ ಹರಕಿ ಹೊತ್ತಿಲ್ಲಲ್ರಿ.”

“ಹೇಳಾಕ ಏನಾಗ್ತದ?”

“ಸುಳ್ಳಾಗ್ತದ. ಮತ್ತ ಹೊಳಿ ದಾಟಿದ್ದು ದೇವರದಾಗ್ತದ, ನಂದಾಗೂದಿಲ್ಲ.”

“ಹಂಗಾದ್ರ ಖರೇ ಕಾರಣ ಏನು?”

ಸುಂದರಬಾಯಿ ಆತನ ತಾಟಿಗೆ ಪಲ್ಯ ಬಡಿಸಿದಳು. “ದಿನಾ ನೋಡ್ತೇನಿ ಅದನ್ನ. ನೋಡಿ ನೋಡಿ ಬ್ಯಾಸರಾಗ್ಯಾದ. ಅದರಾಗ ಹೋಗಬೇಕನಸ್ತದ. ಅಷ್ಟೇರಿ, ಬ್ಯಾರೆ ಇಲ್ಲ.”

ಮಲ್ಕಪ್ಪ ರೊಟ್ಟಿ ಮುರಿದ. ಬೇಡ ಎನ್ನಲಿಲ್ಲ. ಆದರೆ ಅಂದಿನಿಂದ ಸುಮಾರು ದಿನ ಹೆಂಡತಿಯನ್ನು ಹೊಸಬಳೆಂಬಂತೆ ಓರೆಗಣ್ಣಿನಿಂದ ನೋಡುತ್ತಿದ್ದ.

ಬೇಸಗೆ ಮುಗಿಯುವ ಹೊತ್ತಿಗೆ ಬೆನ್ನಿನ ಬುರುಡೆಗಳು ಮೂರರಿಂದ ಎರಡಾಗಿ, ಒಂದಾಗಿ, ಒಂದೂ ಇಲ್ಲವಾದವು. ಸುಂದರಬಾಯಿ ಬಾವಿಯ ಗೋಡೆಯಿಂದ ಗೋಡೆಗೆ ನಿಲ್ಲದೆ ಇಪ್ಪತ್ತು ಸಲ ಓಡಾಡಿದಳು. ಮಳೆಗಾಲ ಹೊಳೆ ಯಾರನ್ನೂ ಹತ್ತಿರ ಬಿಡಲಿಲ್ಲ. ಡಿಸೆಂಬರಿನಲ್ಲಿ ನೀರು ತಿಳಿಯಾದಾಗ, ಒಂದು ರವಿವಾರ ಆಕೆ ಹೊಳೆಗಿಳಿದಳು.

ಅಂದು ಊರಿಗೆ ಊರೇ ದಂಡೆಯ ಮೇಲಿತ್ತು. ದೋಣಿಯ ಹುಲೆಪ್ಪ ಹುಟ್ಟು ಹಾಕುತ್ತ ಪಕ್ಕದಲ್ಲೇ ಬಂದ. ದೋಣಿಯಲ್ಲಿ ನಾನಿದ್ದೆ. ಮೂರನೆಯ ಒಂದು ಪಾಲು ಸರಾಗವಾಗಿ ಹೋದಳು. ಬಾವಿಯ ನೀರು ನಿಂತ ನೀರು, ಹೊಳೆಯದು ಹಾಗಲ್ಲ. ನಡುವಿನ ಸೆಳವು ತಾಗುತ್ತಲೇ ಆಕೆಯ ಮುಖ ಬೇರೆ ದಿಕ್ಕಿಗೆ ತಿರುಗಿತು. ಸೀರೆಯ ಕಚ್ಚೆ ಬಿಚ್ಚಿ ಕಾಲಿಗೆ ಸುತ್ತಿಕೊಂಡಿತು. ಒಮ್ಮೆ ಮುಳುಗಿದಳು, ಎದ್ದಳು, ಮತ್ತೆ ಮುಳುಗಿದಳು. ಹುಲೆಪ್ಪ ಚಾಚಿದ ಹುಟ್ಟನ್ನು ಹಿಡಿದು ದೋಣಿ ಹತ್ತಿದಾಗ ಮೂಗು ಬಾಯಲ್ಲಿ ನೀರು ಸುರಿಯುತ್ತಿತ್ತು. ದಂಡೆಯ ಮೇಲೆ ಯಾರೋ ಸಿಳ್ಳೆ ಹಾಕಿದರು.

ಆ ದಿನವೆಲ್ಲ ಆಕೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನನಗೆ ಕನಿಕರವಾಗಿ, “ಸಾಕು ಬಿಡ್ರಿ ಅಕ್ಕಾ. ಇಷ್ಟು ಮಾಡಿದ್ದೇ ಭಾಳಾಯ್ತು” ಎಂದೆ.

ಆಕೆ ತಟ್ಟನೆ ಎದ್ದು ಕೂತಳು. ಕಣ್ಣು ಕೆಂಪಾಗಿದ್ದವು. “ಉಳಿದವರು ಅನ್ಲಿ. ನೀವು ಹಂಗ ಅನಬ್ಯಾಡ್ರಿ ಅಕ್ಕೋರ. ನಾ ದಾಟಿಲ್ಲ. ಭಾಳ ಹ್ಯಾಂಗಾಯ್ತು?”

ಮರುದಿನ ಬೆಳಿಗ್ಗೆ ಆಕೆ ಹುಲೆಪ್ಪನ ಗುಡಿಸಲ ಮುಂದಿದ್ದಳು. ಎಲ್ಲಿ ತಪ್ಪಿದೆ ಎಂದು ಕೇಳಿದಳು. ಹುಲೆಪ್ಪನ ಮನೆತನ ಮೂರು ತಲೆಮಾರಿನಿಂದ ಆ ನೀರಿನ ಮೇಲೆ ಬದುಕಿದ್ದು. ಆತ ನೆಲದ ಮೇಲೆ ಕಡ್ಡಿಯಿಂದ ಹೊಳೆ ಬರೆದು ತೋರಿಸಿದ: “ನೀವು ಎದುರಿನ ದಂಡಿ ನೋಡಿ ನೆಟ್ಟಗ ಹೊಂಟ್ರಿ, ಸೆಳವು ಮಗ್ಗಲಕ್ಕ ಹೊಡೀತು. ಮ್ಯಾಲಿನ ಬೇವಿನ ಗಿಡದಿಂದ ಇಳೀರಿ. ಸೆಳವು ಬಂದಾಗ ಅದರ ಜೋಡಿ ಕೆಳಗ ಹೋಗ್ರಿ, ಹೋಗ್ತಾ ಹೋಗ್ತಾ ಆಚಿಗೆ ಸರೀರಿ. ನಾನೂ ದೋಣಿ ಹಂಗೇ ಒಯ್ತೀನಿ.”

ಸೀರೆಯ ತೊಡಕನ್ನು ಮೆಹರಾಜಬೇಗಂ ಬಗೆಹರಿಸಿದಳು. ಕಾಲಿಗೆ ಬಿಗಿಯಾಗುವ ಪೈಜಾಮ, ಉದ್ದ ತೋಳಿನ ಅಂಗಿ ಹೊಲಿದುಕೊಟ್ಟಳು. ಅದನ್ನು ನೋಡಿ ಗುರಮ್ಮ ಎರಡು ದಿನ ಸೊಸೆಯ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಪೈಜಾಮದ ಲಾಡಿ ಸಡಿಲಿದೆಯೆಂದು ತಾನೇ ಬೇರೆ ಪೋಣಿಸಿದಳು.

ಒಂದು ವರ್ಷ ಹೀಗೇ ಹೋಯಿತು. ಬಟ್ಟೆ ಒಗೆದಾದ ಮೇಲೆ ಸುಂದರಬಾಯಿ ದಂಡೆಯ ಉದ್ದಕ್ಕೇ ಈಜುವಳು, ಮೊದಲು ಬೇವಿನ ಗಿಡದ ತನಕ, ಆಮೇಲೆ ಅದರಾಚೆಯ ಬಂಡೆಯ ತನಕ. ಅಂಗಾತ ಮಲಗಿ ತೇಲುತ್ತ ದಣಿವಾರಿಸಿಕೊಳ್ಳುವುದನ್ನು ಮೆಹರಾಜಬೇಗಂ ಕಲಿಸಿದಳು. ಮೊದಮೊದಲು ನಕ್ಕವರಿಗೆ ಬೇಸರ ಬಂದು ನೋಡುವುದನ್ನೇ ಬಿಟ್ಟರು. ಬೆಳಿಗ್ಗೆ ದನ ಹೊಳೆಗೆ ಬರುವ ಹಾಗೆ ಸುಂದರಬಾಯಿ ಈಜುವುದೂ ಊರಿಗೆ ರೂಢಿಯಾಯಿತು.

೧೯೮೮ರ ಸಂಕ್ರಮಣಕ್ಕೆ ಎಲ್ಲರೂ ಹೊಳೆಗೆ ಹೋಗಿ ಎಳ್ಳು ಹಚ್ಚಿಕೊಂಡು ಮಿಂದು, ಸಜ್ಜೆರೊಟ್ಟಿ, ಕಾಯಿಪಲ್ಲೆ ಕೂಡಿಸಿ ಮಾಡಿದ ಭರ್ತ ಉಂಡು ಬಂದೆವು. ಅಂದೇ ದಾಟಿದರೆ ಹೇಗೆ ಎಂದು ನಾನು ಕೇಳಿದ್ದೆ. “ಬ್ಯಾಡ್ರಿ. ಹಬ್ಬದ ದಿನ ದಾಟಿದ್ರ ಪುಣ್ಯಕ್ಕ ದಾಟಿದ್ಲು ಅಂತಾರ. ಯಾವ ವಿಶೇಷವೂ ಇರಬಾರ್ದು” ಎಂದಳು. ಮೂರು ದಿನ ಬಿಟ್ಟು, ರವಿವಾರ, ಕಸ ಮುಸುರೆ ಮುಗಿಸಿ, ರೊಟ್ಟಿ ಬಡಿದಿಟ್ಟು, ಪೈಜಾಮ ತೊಟ್ಟು, ಎದೆಯ ಪಟ್ಟಿ ಬಿಗಿದುಕೊಂಡು ಹೊರಟಳು. ಮಲ್ಕಪ್ಪ ಎಂದಿನಂತೆ ಕಬ್ಬಿನ ಗದ್ದೆಗೆ ಹೋಗಿದ್ದ.

ಬೇವಿನ ಗಿಡದ ಹತ್ತಿರ ನಾವು ನಾಲ್ವರೇ: ಸುಂದರಬಾಯಿ, ಮೆಹರಾಜಬೇಗಂ, ಹುಲೆಪ್ಪ, ನಾನು. ನೀರು ಕೊರೆಯುವಷ್ಟು ತಣ್ಣಗಿತ್ತು. ಮೆಹರಾಜಬೇಗಂ ದಂಡೆಯಲ್ಲೇ ಕೂತಳು. ಸುಂದರಬಾಯಿ ಮೊಣಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಎದೆಗೆ ಇಳಿದು, ನೆಲ ಬಿಟ್ಟಳು.

ದೋಣಿ ಎರಡು ಮಾರು ಹಿಂದಿತ್ತು. ಆಕೆಯ ಕೈ ಅವಸರವಿಲ್ಲದೆ ಬೀಳುತ್ತಿದ್ದವು. ಸೆಳವು ಹತ್ತಿರವಾಯಿತು. ಅದು ತಾಗುತ್ತಲೇ ಆಕೆ ತಟಕ್ಕನೆ ಅಂಗಾತವಾದಳು, ಕೈ ನಿಂತವು. ನೀರು ಆಕೆಯನ್ನು ಹೊತ್ತುಕೊಂಡು ಸರ್ರನೆ ಕೆಳಗೆ ಹೊರಟಿತು.

“ಹುಲೆಪ್ಪಣ್ಣ, ಹಿಡೀರಿ ಆಕಿನ್ನ! ಹೋದ್ಲು!” ಎಂದು ನಾನು ಚೀರಿದೆ.

ಹುಲೆಪ್ಪ ಹುಟ್ಟನ್ನು ಅಡ್ಡ ಹಿಡಿದು ಸುಮ್ಮನೆ ಕೂತಿದ್ದ. “ತಡೀರಿ ಅಕ್ಕೋರ. ಆಕಿ ಇನ್ನಾ ಕರದಿಲ್ಲ.”

ಕರೆಯಲೂ ಇಲ್ಲ. ಮೂವತ್ತು ನಲವತ್ತು ಮಾರು ಹೋಗಿರಬೇಕು, ಮೆಲ್ಲಗೆ ಕಾಲು ಬಡಿಯುವುದು ಕಂಡಿತು. ಮಗ್ಗಲಿಗೆ ಹೊರಳಿದಳು. ಓರೆಯಾಗಿ, ಸೆಳವಿನ ಜೊತೆಗೇ ಹೋಗುತ್ತ ಹೋಗುತ್ತ, ಅದರ ಅಂಚಿನಿಂದಾಚೆಗೆ ಬಿದ್ದಳು. ಅಲ್ಲಿಂದ ಮುಂದೆ ನೀರು ಶಾಂತ. ಕೊನೆಯ ಪಾಲು ಬಹಳ ನಿಧಾನ. ನಾಲ್ಕು ಕೈ ಹೊಡೆಯುವುದು, ಮಲಗುವುದು, ಮತ್ತೆ ನಾಲ್ಕು ಕೈ. ಕಡೆಗೆ ಆಕೆಯ ಕೈ ಕೆಸರಿಗೆ ಹತ್ತಿತು. ಎದ್ದು ನಿಲ್ಲಲಾಗದೆ ಅಂಬೆಗಾಲಿಟ್ಟು ದಂಡೆ ಏರಿ ಕೂತಳು.

ಆಚೆ ದಂಡೆಯೆಂದರೆ ವಿಜಾಪುರ ಜಿಲ್ಲೆ. ಎತ್ತಿಗೆ ನೀರು ಕುಡಿಸಲು ಬಂದ ಒಬ್ಬ ರೈತ ಗಾಬರಿಯಿಂದ ನೋಡುತ್ತಿದ್ದ.

“ದೋಣಿ ಮುಳಗೈತೇನ್ರಿ, ತಾಯಿ?”

“ಇಲ್ರಿ. ಈಸಿ ಬಂದೀನಿ.”

“ಏನ್ ಕೆಲಸಿತ್ರಿ ಈ ಕಡೆ?”

“ಏನೂ ಇಲ್ರಿ” ಎಂದು ಸುಂದರಬಾಯಿ ನಡುಗುತ್ತಲೇ ನಕ್ಕಳು.

ರೈತ ಹೊಲಕ್ಕೆ ಹೋಗಿ ಒಂದು ಹೊರೆ ಹಸಿ ಕಡಲೆಗಿಡ ಕಿತ್ತು ತಂದು ಆಕೆಯ ಮುಂದಿಟ್ಟ. ನಾನು ದೋಣಿಯಿಂದ ಕಂಬಳಿ ತಂದು ಹೊದಿಸಿದೆ. ಹುಲೆಪ್ಪ, ನಾನು, ಆಕೆ ಕಡಲೆ ಸುಲಿಯುತ್ತ ಕೂತೆವು. ಆಕೆ ಮಾತ್ರ ಸುಲಿದದ್ದನ್ನು ಕೈಯಲ್ಲೇ ಹಿಡಿದು ಊರಿನ ಕಡೆಯ ದಂಡೆಯನ್ನು ನೋಡುತ್ತಿದ್ದಳು: ಒಗೆಯುವ ಕಲ್ಲುಗಳು, ಅವುಗಳ ಮೇಲುಗಡೆ ಊರು, ತಮ್ಮ ಮನೆಯ ಮಾಳಿಗೆ, ಅದರ ಮೇಲೆ ಒಣಹಾಕಿದ ಕೆಂಪು ಮೆಣಸಿನಕಾಯಿ.

“ನಮ್ಮೂರು ಛಲೋ ಕಾಣ್ತದಲ್ರಿ ಇಲ್ಲಿಂದ” ಎಂದಳು. ಆಮೇಲೆ ಒಮ್ಮೆಲೇ ಅಳು ಬಂತು. ಸಂತೋಷಕ್ಕೋ ದಣಿವಿಗೋ ತನಗೇ ತಿಳಿಯಲಿಲ್ಲವೆಂದು ಆಮೇಲೆ ಹೇಳಿದಳು.

ಹಿಂದಿರುಗಿ ಈಜಲು ಮೈಯಲ್ಲಿ ಶಕ್ತಿಯಿರಲಿಲ್ಲ. ಅದಕ್ಕೆ ನಾಚಿಕೊಳ್ಳದೆ ದೋಣಿ ಹತ್ತಿದಳು. ದೋಣಿ ದಂಡೆಗೆ ಬಂದಾಗ ಮೆಹರಾಜಬೇಗಂ ಎರಡೂ ಕೈಯಿಂದ ಆಕೆಯ ಮುಖ ಸವರಿ ನೆಟಿಕೆ ಮುರಿದಳು. ಪಕ್ಕದಲ್ಲಿ ಮಲ್ಕಪ್ಪ ನಿಂತಿದ್ದ. ಕಾಲಿಗೆ ಗದ್ದೆಯ ಕೆಸರು ಹಾಗೇ ಇತ್ತು. ಯಾವಾಗ ಬಂದನೋ, ಎಷ್ಟು ನೋಡಿದನೋ.

“ಉಂಡೀಯೇನು?” ಎಂದ.

“ಇಲ್ರಿ.”

“ನಡಿ ಮತ್ತ. ನಂದೂ ಆಗಿಲ್ಲ.”

ಮನೆಯಲ್ಲಿ ಗುರಮ್ಮ ಬಿಸಿನೀರು ಕಾಯಿಸಿ ಇಟ್ಟಿದ್ದಳು. ಸೊಸೆ ಮೈ ತೊಳೆದು ಉಂಡು ಕೂತ ಮೇಲೆ ಮುದುಕಿ ಹತ್ತಿರ ಸರಿದು, ಯಾರಿಗೂ ಕೇಳಿಸದ ಹಾಗೆ ಕೇಳಿದಳು: “ಆ ದಂಡಿ ಮ್ಯಾಲ ಏನದಬೇ?”

“ಕಡ್ಲಿ ಹೊಲ ಅದ ಅತ್ತಿ. ಮಂದಿ ಛಲೋ ಅದಾರ. ನಮ್ಹಂಗ ‘ಅದ’ ಅನ್ನೂದಿಲ್ಲ, ‘ಐತಿ, ಐತಿ’ ಅಂತ ಮಾತಾಡ್ತಾರ.”

ಗುರಮ್ಮ ಅರವತ್ತು ವರ್ಷ ಆ ಹೊಳೆಯ ನೀರು ಕುಡಿದಿದ್ದಳು. ಒಮ್ಮೆಯೂ ಆಚೆ ಹೋಗಿರಲಿಲ್ಲ. ಹೋಗಬೇಕಾದ ಕೆಲಸವೇ ಬಿದ್ದಿರಲಿಲ್ಲ. ಎಂಟು ದಿನ ಬಿಟ್ಟು ಆಕೆ ಮಗನ ಹತ್ತಿರ, “ಹುಲೆಪ್ಪಗ ಹೇಳು, ನಾಳಿ ದೋಣಿ ತರ್ಲಿ” ಎಂದಳು. ಮರುದಿನ ಹೊಸ ಸೀರೆ ಉಟ್ಟು, ದೋಣಿಯ ಅಂಚನ್ನು ಎರಡೂ ಕೈಯಿಂದ ಹಿಡಿದು, ಕಣ್ಣು ಮುಚ್ಚಿಕೊಂಡೇ ದಾಟಿದಳು. ಆಚೆ ಇಳಿದ ಮೇಲೆ ಮಾತ್ರ ಆಕೆಯನ್ನು ಹಿಡಿಯುವವರಿರಲಿಲ್ಲ. ಎದುರು ಬಂದವರನ್ನೆಲ್ಲ ನಿಲ್ಲಿಸಿ ಯಾವ ಊರು, ಯಾರ ಪೈಕಿ ಎಂದು ಕೇಳುತ್ತ ಸಂಜೆಯವರೆಗೆ ತಿರುಗಿದಳು.

ಸುಂದರಬಾಯಿ ಆಮೇಲೆ ಸುಮ್ಮನೆ ಕೂರಲಿಲ್ಲ. ಬೇಸಗೆಯಲ್ಲಿ ಬಾವಿಗೆ ಹೆಣ್ಣುಮಕ್ಕಳನ್ನು ಕರೆದೊಯ್ದಳು. ಮೊದಲ ವರ್ಷ ಇಬ್ಬರು, ನಾಲ್ಕನೆಯ ವರ್ಷಕ್ಕೆ ಹನ್ನೊಂದು ಜನ. ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ತಾನು ಮಾಡದ್ದೇನಾದರೂ ಹುಡುಕಿಕೊಳ್ಳುತ್ತಿದ್ದಳು. ದೊಡ್ಡದೇ ಆಗಬೇಕೆಂದಿರಲಿಲ್ಲ. ಅಫಜಲಪುರದ ಹೋಟೆಲಿಗೆ ಒಬ್ಬಳೇ ಹೋಗಿ, ಗಂಡಸರ ನಡುವೆ ಬೆಂಚಿನ ಮೇಲೆ ಕೂತು ಚಹಾ ಕುಡಿದು ಬಂದದ್ದು ಒಂದು ವರ್ಷದ ಸಾಹಸ. “ಹೊಳಿಗಿಂತ ಅದೇ ಕಠಿಣ ಇತ್ತು ಅಕ್ಕೋರ” ಎಂದಿದ್ದಳು. ಸೊನ್ನದಲ್ಲಿ ಬ್ಯಾರೇಜಿನ ಕೆಲಸ ನಡೆದಿದೆಯೆಂದು ಕೇಳಿ, ಮೆಹರಾಜಬೇಗಂಳನ್ನು ಕಟ್ಟಿಕೊಂಡು ಹೊಳೆಗುಂಟ ನಡೆದೇ ಹೋಗಿ ನೋಡಿ ಬಂದಳು. ಮೆಹರಾಜಬೇಗಂಗೆ ಆಗ ಎಪ್ಪತ್ತರ ಹತ್ತಿರ. ದಾರಿಯುದ್ದಕ್ಕೂ ಬೈಯುತ್ತ ನಡೆದಳಂತೆ, ತಿರುಗಿ ಹೋಗೋಣವೆಂದು ಮಾತ್ರ ಒಮ್ಮೆಯೂ ಅನ್ನಲಿಲ್ಲವಂತೆ.

೧೯೯೭ರಲ್ಲಿ ನನಗೆ ಜೇವರ್ಗಿಗೆ ವರ್ಗವಾಯಿತು. ಸಾಮಾನು ಇಳಿಸಿಕೊಡಲು ಸುಂದರಬಾಯಿಯೂ ಕಲಬುರ್ಗಿಯ ಮೇಲಿನ ಬಸ್ಸಿನಲ್ಲಿ ಜೊತೆಗೆ ಬಂದಿದ್ದಳು. ಮರುವರ್ಷದ ಚಳಿಗಾಲದ ಒಂದು ಮಧ್ಯಾಹ್ನ, ಮೈಯೆಲ್ಲ ಧೂಳಾಗಿ, ಕೈಯಲ್ಲೊಂದು ಚೀಲ ಹಿಡಿದು ಸುಂದರಬಾಯಿ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಕಲಬುರ್ಗಿಯ ಮೇಲೆ ಹಾದು ಬರುವ ಬಸ್ಸು ಆ ಹೊತ್ತಿಗೆ ಇರುವುದಿಲ್ಲ. ಹೇಗೆ ಬಂದಿರಿ ಎಂದು ಕೇಳಿದೆ. ದೋಣಿಯಲ್ಲಿ ಹೊಳೆ ದಾಟಿ, ಸಿಕ್ಕ ಬಸ್ಸು ಹತ್ತಿ, ಅದು ನಿಂತಲ್ಲಿ ಇಳಿದು, ಮುಂದಿನ ಊರಿಗೆ ನಡೆದು, ಟ್ರ್ಯಾಕ್ಟರ್ ಹತ್ತಿ, ನಡುವೆ ಒಂದು ರಾತ್ರಿ ಪರಿಚಯವಿಲ್ಲದವರ ಮನೆಯಲ್ಲಿ ಉಂಡು ಮಲಗಿ, ಎರಡು ದಿನದಲ್ಲಿ ಬಂದಿದ್ದಳು.

“ನೆಟ್ಟಗ ಕಲಬುರ್ಗಿ ಬಸ್ಸಿಗೆ ಬರಬಾರದಿತ್ತೇನ್ರಿ ಅಕ್ಕಾ?”

“ಆ ಹಾದ್ಯಾಗ ಒಮ್ಮೆ ಬಂದೀನಲ್ರಿ ಅಕ್ಕೋರ” ಎಂದು ಚೀಲದಿಂದ ಸಜ್ಜೆರೊಟ್ಟಿಯ ಗಂಟು ತೆಗೆದಳು.

ಎರಡು ದಿನ ಇದ್ದಳು. ಮೂರನೆಯ ದಿನ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಕಳಿಸಲು ಹೋದೆ. ಕಲಬುರ್ಗಿಯ ಬಸ್ಸು ಎದುರಿಗೇ ನಿಂತಿತ್ತು. ಸುಂದರಬಾಯಿ ಅದರತ್ತ ನೋಡಲೂ ಇಲ್ಲ. ಕಂಟ್ರೋಲರನ ಕಿಟಕಿಗೆ ಹೋಗಿ, ಹೊಳೆಯ ಕಡೆಗೆ ಹೋಗುವ ಬೇರೆ ಬಸ್ಸು ಯಾವುದಿದೆ ಎಂದು ವಿಚಾರಿಸತೊಡಗಿದಳು.